ಹೋದ ದುಡ್ಡಿನ ಹಿಂದೆ ಹೋಗಬೇಡಿ

ನಾವು ಸೇರಿದಾಗೆಲ್ಲ ಕನ್ನಡ ಶಾಲೆ, ಶಿಕ್ಷಕರ ನೇಮಕ, ಕಚೇರಿಯಲ್ಲಿ ಕನ್ನಡ ಅರ್ಜಿ, ಇದೇ ಮಾತು. ಅದು ಇರಲೇಬೇಕು. ಆದರೆ ಇವತ್ತು ನಾನು ಜೂಜಿನ ಬಗ್ಗೆ ಮಾತಾಡ್ತೇನೆ. ಯಾಕಂದ್ರೆ ನಮ್ಮ ಹುಡುಗರು ಈ ವಿಷಯವನ್ನ ಎಲ್ಲೂ ಬಾಯಿ ಬಿಡೋದಿಲ್ಲ. ಮನೆಯಲ್ಲಿ ಹೆದರಿಕೆ, ಊರಲ್ಲಿ ಮರ್ಯಾದೆ ಪ್ರಶ್ನೆ, ಆಸ್ಪತ್ರೆಗೆ ಹೋದರೆ ಭಾಷೆ ಅಡ್ಡ.

ಗಡಿಯಲ್ಲಿ ಇರೋರಿಗೆ ಜೂಜಿಗೆ ಎರಡೆರಡು ಬಾಗಿಲು. ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ತೆರೆದಿರುತ್ತೆ. ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದವು. ಕೇರಳದಲ್ಲಿ 1967ರಲ್ಲಿ ಸರ್ಕಾರವೇ ಶುರು ಮಾಡಿದ ಲಾಟರಿ ಇವತ್ತಿಗೂ ನಡೀತಾ ಇದೆ. ಮಹಾರಾಷ್ಟ್ರದಲ್ಲೂ ಸರ್ಕಾರಿ ಲಾಟರಿ ಇದೆ. ಅದರ ಮಗ್ಗುಲಲ್ಲೇ ಮಟ್ಕಾ, ನಮ್ಮ ಕಡೆ ಓಸಿ ಅಂತಾರಲ್ಲ, ಅದು. ಮುಂಬೈಯಲ್ಲಿ ಹತ್ತಿಯ ದರದ ಮೇಲೆ ಕಟ್ಟುತ್ತಿದ್ದ ಬಾಜಿಯಿಂದ ಬೆಳೆದ ಆಟ ಇದು. ಆಂಧ್ರ, ತೆಲಂಗಾಣ, ತಮಿಳುನಾಡು ಆನ್‌ಲೈನ್ ಜೂಜಿಗೆ ಬೇರೆ ಬೇರೆ ಕಾನೂನು ಮಾಡಿದವು. ಆದರೆ ಜೇಬಲ್ಲಿರೋ ಮೊಬೈಲಿಗೆ ಯಾವ ಚೆಕ್‌ಪೋಸ್ಟು?

ನೀತಿಪಾಠ ಹೇಳೋಕೆ ಬಂದಿಲ್ಲ. ಬನ್ನಿ, ಮೊದಲು ಲೆಕ್ಕ ಹಾಕೋಣ.

2024ರ ಓಣಂ ಬಂಪರ್ ಲಾಟರಿಯ 25 ಕೋಟಿ ಮಂಡ್ಯ ಜಿಲ್ಲೆಯ ಒಬ್ಬರಿಗೆ ಬಂತು. ಟಿಕೆಟ್ ಮಾರಿದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಗಡಿ ಊರುಗಳಲ್ಲೆಲ್ಲ ಅದೇ ಸುದ್ದಿ. ಆದರೆ ಆ ಸಲ ಖರ್ಚಾದ ಟಿಕೆಟ್ 70 ಲಕ್ಷಕ್ಕೂ ಜಾಸ್ತಿ, ಒಂದೊಂದಕ್ಕೆ 500 ರೂಪಾಯಿ. ಗೆದ್ದ ಒಬ್ಬರ ಫೋಟೋ ಪೇಪರಿನಲ್ಲಿ ಬರುತ್ತೆ. ಸೋತವರ ಫೋಟೋ ಹಾಕೋಕೆ ಹೋದರೆ ಯಾವ ಪೇಪರೂ ಸಾಲೋದಿಲ್ಲ. ಹಬ್ಬಕ್ಕೊಂದು ಟಿಕೆಟ್ ತಗೊಳ್ಳೋದು ಬೇರೆ. ದಿನಕ್ಕೆ 50 ರೂಪಾಯಿಯ ಒಂದು ಟಿಕೆಟ್ ಅಂದ್ರೆ ವರ್ಷಕ್ಕೆ 18,250 ರೂಪಾಯಿ.

ಮಟ್ಕಾದ್ದು ಇನ್ನೂ ಸುಲಭದ ಲೆಕ್ಕ. 0ಯಿಂದ 9ರವರೆಗೆ 10 ಅಂಕಿ. ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು ಕೊಡ್ತಾರೆ. ಹತ್ತೂ ಅಂಕಿಗೆ ಹತ್ತತ್ತು ರೂಪಾಯಿ ಹಾಕಿ ನೋಡಿ. ಹಾಕಿದ್ದು 100, ಯಾವ ಅಂಕಿ ಬಂದ್ರೂ ಸಿಗೋದು 90. ಎಲ್ಲಾ ಅಂಕಿ ನಿಮ್ಮದೇ ಆದ್ರೂ 10 ರೂಪಾಯಿ ಹೋಯ್ತು! ಇದರಲ್ಲಿ ಅದೃಷ್ಟದ ಮಾತೇ ಇಲ್ಲ. ಆಟ ಕಟ್ಟಿರೋದೇ ಹಾಗೆ. ಜಾಸ್ತಿ ಹೊತ್ತು ಆಡಿದಷ್ಟೂ ಬರೆಯೋನ ಮನೆ ತುಂಬುತ್ತೆ.

ಹಾಗಾದ್ರೆ ಓದಿದ ಹುಡುಗರೂ ಯಾಕೆ ಬೀಳ್ತಾರೆ? ಅವರು ದಡ್ಡರಲ್ಲ. ನಡುನಡುವೆ ಸಿಗೋ ಸಣ್ಣ ಗೆಲುವು, ಒಂದೇ ಅಂಕಿಯಲ್ಲಿ ತಪ್ಪಿಹೋದ ಬಹುಮಾನ, ಇವೆರಡೂ ಮನಸ್ಸನ್ನ ಹಿಡಿದು ಕೂರಿಸುತ್ತವೆ. ಆಮೇಲೆ ಬರೋದು ನಿಜವಾದ ಅಪಾಯ. "ಹೋದದ್ದನ್ನ ವಾಪಸ್ ತಗೊಂಡು ಬಿಟ್ಟುಬಿಡ್ತೀನಿ" ಅನ್ನೋ ಮಾತು. 2 ಸಾವಿರ ವಾಪಸ್ ತರೋಕೆ 5 ಸಾವಿರ, 5 ಸಾವಿರಕ್ಕೆ ಸಾಲದ ಆ್ಯಪ್, ಆ ಸಾಲಕ್ಕೆ ಅಮ್ಮನ ಓಲೆ. ಆಟ ಚಟ ಆಗೋದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವನ್ನ ಕುಡಿತ, ಡ್ರಗ್ಸ್ ಚಟಗಳ ಸಾಲಿನಲ್ಲೇ ಇಟ್ಟಿದೆ. ಕಾಯಿಲೆ ಅಂದ ಮೇಲೆ ಚಿಕಿತ್ಸೆಯೂ ಇದೆ.

ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಎಷ್ಟು ಆಡಿದೆ, ಎಷ್ಟು ಹೋಯ್ತು ಅಂತ ಮನೆಯಲ್ಲಿ ಸುಳ್ಳು ಹೇಳ್ತಿದ್ದೀರಾ? ಸೋತ ದುಡ್ಡು ವಾಪಸ್ ತರೋಕೆ ಮತ್ತೆ ಆಡ್ತೀರಾ? ಫೀಸಿನ ದುಡ್ಡು, ಮನೆ ಬಾಡಿಗೆ, ಸಂಘದ ಕಂತು ಆಟಕ್ಕೆ ಹೋಗಿದೆಯಾ? ನಿಲ್ಲಿಸಬೇಕು ಅಂದ ದಿನ ಕೈಕಾಲು ಆಡದೆ ಸಿಟ್ಟು ಬರುತ್ತಾ? ಒಂದಕ್ಕೆ ಹೌದು ಅಂದ್ರೂ ಯಾರ ಹತ್ರಾದ್ರೂ ಮಾತಾಡೋ ಹೊತ್ತು ಬಂದಿದೆ.

ಏನು ಮಾಡಬೇಕು?

ಮೊದಲನೇದು, ಒಬ್ಬರಿಗೆ ಹೇಳಿ. ಅಣ್ಣನೋ, ಅತ್ತಿಗೆಯೋ, ಸೋದರಮಾವನೋ, ನಂಬಿಕೆ ಇರೋ ಮೇಷ್ಟ್ರೋ. ಮಾತು ಹೊರಡದಿದ್ರೆ ಇಷ್ಟೇ ಹೇಳಿ: "ಅಕ್ಕಾ, ಆಟದಲ್ಲಿ ದುಡ್ಡು ಕಳ್ಕೊಂಡಿದ್ದೀನಿ. ಇಷ್ಟು ಸಾಲ ಆಗಿದೆ. ನನ್ನಿಂದ ನಿಲ್ಲಿಸೋಕೆ ಆಗ್ತಿಲ್ಲ." ಈ ಮೂರು ಮಾತು ಸಾಕು.

ಎರಡನೇದು, ದುಡ್ಡಿನ ದಾರಿ ಕಟ್ಟಿ. ಆ್ಯಪ್ ತೆಗೀರಿ, ಟಿಪ್ಸ್ ಕೊಡೋ ಗುಂಪುಗಳಿಂದ ಹೊರಗೆ ಬನ್ನಿ. ಯುಪಿಐ ಮಿತಿ ಇಳಿಸಿ. ಕೆಲವು ತಿಂಗಳು ಸಂಬಳದ ಖಾತೆ ಮನೆಯವರ ಕಣ್ಣಳತೆಯಲ್ಲಿರಲಿ. ಯಾರಿಗೆ ಎಷ್ಟು ಕೊಡಬೇಕು ಅಂತ ಪೂರ್ತಿ ಒಂದು ಹಾಳೆಯಲ್ಲಿ ಬರೀರಿ. ಸಾಲ ತೀರಿಸೋಕೆ ಇನ್ನೊಂದು ಸಾಲದ ಆ್ಯಪ್ ಮುಟ್ಟಬೇಡಿ. ಮನೆಯವರಿಗೂ ಒಂದು ಮಾತು: ಬೈದು ಹೊರಗೆ ಹಾಕಬೇಡಿ, ನಗದು ತಂದು ಅವನ ಕೈಗೂ ಕೊಡಬೇಡಿ. ಸಾಲಗಾರರಿಗೆ ನೀವೇ ನೇರವಾಗಿ ಕಟ್ಟಿ.

ಮೂರನೇದು, 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತೆ, ಖರ್ಚಿಲ್ಲ. ಭಾಷೆ ಆರಿಸಿಕೊಳ್ಳೋ ಅವಕಾಶ ಇದೆ, ಅದರಲ್ಲಿ ಕನ್ನಡವೂ ಇದೆ. "ನನಗೆ ಕನ್ನಡದಲ್ಲಿ ಮಾತಾಡೋರು ಬೇಕು" ಅಂತ ಧೈರ್ಯವಾಗಿ ಕೇಳಿ. ಸಾಲದ ಭಾರಕ್ಕೆ ಸಾಯೋ ಯೋಚನೆ ಬಂದ್ರೆ ಆ ಕ್ಷಣವೇ ಇದೇ ನಂಬರಿಗೆ ಫೋನ್ ಮಾಡಿ, ಪಕ್ಕದಲ್ಲಿ ಯಾರನ್ನಾದ್ರೂ ಕರೆದು ಕೂರಿಸಿಕೊಳ್ಳಿ. ಸಾಲಕ್ಕೆ ಕಂತು ಮಾಡಬಹುದು, ಜೀವಕ್ಕೆ ಆಗೋದಿಲ್ಲ.

ನೇರವಾಗಿ ಹೋಗಬೇಕು ಅಂದ್ರೆ ಹೊಸೂರು, ಮಡಕಶಿರಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ವಿಭಾಗ, ಮೊಬೈಲ್ ಗೀಳಿಗೆ ಷಟ್ ಕ್ಲಿನಿಕ್ ಇವೆ. ಜತ್ತ, ಅಕ್ಕಲಕೋಟೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಕಾಸರಗೋಡಿನವರಿಗೆ ಮಂಗಳೂರು ಹತ್ತಿರ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರವೂ ಹೋಗಬಹುದು. ಚಿಕಿತ್ಸೆಯಲ್ಲಿ ಹೆಚ್ಚಿನದು ಮಾತುಕತೆಯೇ: ಆಡೋ ಆಸೆ ಯಾವಾಗ ಬರುತ್ತೆ, ಬಂದಾಗ ಏನು ಮಾಡೋದು ಅಂತ ಕಲಿಸ್ತಾರೆ.

"ಹೇಳಿದ್ರೆ ಪೊಲೀಸ್ ಹಿಡೀತಾರಾ?" ಅಂತ ಕೇಳ್ತಾರೆ. ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡಿನ ಆಟ ನಡೆಸೋರಿಗೆ, ಅದರ ಜಾಹೀರಾತು ಮಾಡೋರಿಗೆ, ದುಡ್ಡು ಸಾಗಿಸೋರಿಗೆ ಶಿಕ್ಷೆ ಇಟ್ಟಿದೆ, ಆಡಿ ಸೋತವರಿಗಲ್ಲ. ಮಟ್ಕಾ, ಇಸ್ಪೀಟು ಅಡ್ಡೆಗಳಿಗೆ ರಾಜ್ಯಗಳ ಕಾನೂನು ಬೇರೆ, ಅಲ್ಲಿ ಆಡೋರ ಮೇಲೂ ಕೇಸು ಆಗುತ್ತೆ. ಅದಕ್ಕೇ ಅಲ್ಲಿಗೆ ಹೋಗಲೇಬೇಡಿ. ಇನ್ನು ವಾಟ್ಸಾಪಲ್ಲಿ ಕೇರಳ ಲಾಟರಿ ಮಾರ್ತೀವಿ ಅನ್ನೋದು ಮೋಸ. ಕೇರಳ ಸರ್ಕಾರ ಮಾರೋದು ಕಾಗದದ ಟಿಕೆಟ್ ಮಾತ್ರ. ದುಡ್ಡು ಹಾಕಿ ಮೋಸ ಹೋಗಿದ್ರೆ ತಡ ಮಾಡದೆ 1930ಕ್ಕೆ ದೂರು ಕೊಡಿ.

ಕೊನೆಗೆ ನಮ್ಮ ಸಂಘಟನೆಯ ಕೆಲಸದ ಮಾತು. ನಾವು ಮಲಯಾಳಂ, ಮರಾಠಿ, ತೆಲುಗು, ತಮಿಳಿನಲ್ಲಿ ವ್ಯಾಪಾರ ಮಾಡಬಲ್ಲೆವು, ಬಸ್ಸಲ್ಲಿ ಜಗಳವನ್ನೂ ಆಡಬಲ್ಲೆವು. ಆದರೆ ಮನಸ್ಸಿನ ನೋವು ಹೇಳೋಕೆ ಅಮ್ಮ ಕಲಿಸಿದ ಭಾಷೆಯೇ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ಒಪ್ಪಿಗೆ ಪಡೆಯೋ ಮೊದಲು ರೋಗಿಗೆ ಅರ್ಥವಾಗೋ ಭಾಷೆಯಲ್ಲಿ ವಿವರಿಸಬೇಕು. ಸಂವಿಧಾನದ 350ನೇ ವಿಧಿ ನಮ್ಮ ಭಾಷೆಯಲ್ಲೇ ಅಹವಾಲು ಕೊಡೋ ಹಕ್ಕು ಕೊಟ್ಟಿದೆ. ಶಾಲೆಗೆ ಅರ್ಜಿ ಬರೆದ ಕೈಯಿಂದಲೇ ಇನ್ನೊಂದು ಅರ್ಜಿ ಬರೆಯೋಣ: ಕನ್ನಡಿಗರಿರೋ ತಾಲೂಕುಗಳ ಸರ್ಕಾರಿ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಒಬ್ಬ ಆಪ್ತಸಮಾಲೋಚಕರು ಬೇಕು, ಬಾಗಿಲಲ್ಲಿ ಕನ್ನಡ ಬೋರ್ಡು ಬೇಕು ಅಂತ. ಅಲ್ಲಿವರೆಗೆ 14416 ಅನ್ನೋ ನಂಬರನ್ನ ನಮ್ಮ ಗ್ರಂಥಾಲಯ, ಯುವಕ ಮಂಡಲ, ಆಟದ ಮೈದಾನದ ಗೋಡೆ ಮೇಲೆ ಕನ್ನಡದಲ್ಲಿ ಬರೆಯೋಣ.

ಕನ್ನಡ ಉಳಿಯಬೇಕಾದ್ರೆ ಕನ್ನಡದ ಹುಡುಗರು ಉಳಿಯಬೇಕು. ಯಾರಾದ್ರೂ ಬಂದು "ಅಣ್ಣಾ, ಸೋತಿದ್ದೀನಿ" ಅಂದ್ರೆ ನಗಬೇಡಿ. ಪಕ್ಕದಲ್ಲಿ ಕೂತು ನಂಬರ್ ಒತ್ತಿಕೊಡಿ.