ಎಲೆಯಿಂದ ಗೆರೆಗೆ: ಶಾಯಿಚಿತ್ರಕಾರನ ಕಲಿಕೆ

(ಬೀದರ್ ಜಿಲ್ಲೆಯ ಕಮಠಾಣದಲ್ಲಿ ಕಲಾ ವಿದ್ಯಾರ್ಥಿಗಳು ಮತ್ತು ಕೃಷಿಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮೈಸೂರಿನ ಶಾಲೆಯೊಂದರಲ್ಲಿ ಬಾಲಕನೊಬ್ಬ ಒಮ್ಮೆ ಅರಳಿ ಎಲೆಯ ಚಿತ್ರ ಬರೆದ. ಅದನ್ನು ಕಂಡ ಉಪಾಧ್ಯಾಯರು ಮನಸಾರೆ ಮೆಚ್ಚಿದರು. ತಾನೂ ಚಿತ್ರಕಾರನಾಗಬಲ್ಲೆನೆಂಬ ನಂಬಿಕೆ ಆ ಹುಡುಗನಲ್ಲಿ ಮೊಳೆತದ್ದು ಅಂದಿನಿಂದಲೇ. ಆತನೇ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ ದೇಶದ ಓದುಗರನ್ನು ನಗಿಸಿದ, ಯೋಚನೆಗೆ ಹಚ್ಚಿದ ಆರ್. ಕೆ. ಲಕ್ಷ್ಮಣ್ (1921–2015).

ಅರಳಿ ಎಲೆಯನ್ನು ಕಾಣದವರು ಈ ನಾಡಿನಲ್ಲಿಲ್ಲ. ಆದರೂ ಎಲೆಯನ್ನು ಮುಂದಿಟ್ಟುಕೊಳ್ಳದೆ ಬರೆಯಿರೆಂದರೆ ಹೆಚ್ಚಿನವರು ಹೃದಯದಾಕಾರವೊಂದನ್ನು ಗೀಚಿ ನಿಲ್ಲಿಸುತ್ತಾರೆ. ಅದರ ತುದಿ ಬಾಲದಂತೆ ಎಷ್ಟು ಉದ್ದಕ್ಕೆ ಇಳಿದಿದೆ, ಪಕ್ಕದ ನರಗಳು ಅಂಚನ್ನು ಮುಟ್ಟುವ ಮೊದಲೇ ಹೇಗೆ ಬಾಗಿ ಒಂದನ್ನೊಂದು ಕೂಡುತ್ತವೆ, ಸಣ್ಣ ಗಾಳಿಗೂ ಎಲೆ ಅಲುಗುವಂತೆ ತೊಟ್ಟು ಎಷ್ಟು ನೀಳವಾಗಿದೆ ಎಂಬುದು ಬರೆಯಲು ಕುಳಿತಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ದಿನವೂ ನೋಡುವ ವಸ್ತುವನ್ನು ಮೊದಲ ಬಾರಿಗೆ ಕಾಣುವಂತೆ ಮಾಡುವುದು ಸೂಕ್ಷ್ಮ ಶಾಯಿಚಿತ್ರದ ಮೊದಲ ಪ್ರಯೋಜನ. ಕಲಾ ವಿದ್ಯಾರ್ಥಿಗೆ ಇದು ಎಷ್ಟು ಅಗತ್ಯವೋ ಬೆಳೆಯನ್ನು ನಂಬಿ ಬದುಕುವ ರೈತನಿಗೂ ಅಷ್ಟೇ ಅಗತ್ಯ.

ಪ್ರಭಾವಗಳ ಎರಡು ಮೂಲ

ಲಕ್ಷ್ಮಣರ ಕಲಿಕೆಯಲ್ಲಿ ಎರಡು ಧಾರೆಗಳನ್ನು ಗುರುತಿಸಬಹುದು. ಮೊದಲನೆಯದು ಮುದ್ರಿತ ಚಿತ್ರಗಳ ಧಾರೆ. ಅಕ್ಷರ ಕಲಿಯುವ ಮೊದಲೇ ಅವರು ಮನೆಗೆ ಬರುತ್ತಿದ್ದ ಸ್ಟ್ರ್ಯಾಂಡ್, ಪಂಚ್, ಬೈಸ್ಟ್ಯಾಂಡರ್ ಮೊದಲಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. 'ದಿ ಹಿಂದೂ' ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಅವರನ್ನು ಬಹಳವಾಗಿ ಆಕರ್ಷಿಸಿದವು. ಆ ಕಲಾವಿದನ ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದರಂತೆ. ಹೆಸರು ತಪ್ಪಾದರೂ ಗೆರೆಯ ಪಾಠ ತಪ್ಪಲಿಲ್ಲ.

ಎರಡನೆಯದು ಕಿಟಕಿಯಾಚೆಯ ಲೋಕ. ಒಣಗಿದ ಕಡ್ಡಿ, ಎಲೆ, ಹರಿದಾಡುವ ಹಲ್ಲಿ, ಸೌದೆ ಒಡೆಯುವ ಆಳು, ಎದುರು ಮನೆಯ ಮಾಡಿನ ಮೇಲೆ ನಾನಾ ಭಂಗಿಗಳಲ್ಲಿ ಕುಳಿತ ಕಾಗೆ ಇವೆಲ್ಲ ಅವರ ಗೆರೆಗಳಿಗೆ ವಸ್ತುವಾದವು. ಮನೆಯ ನೆಲ, ಗೋಡೆ, ಬಾಗಿಲುಗಳೇ ಹಾಳೆಗಳಾಗಿದ್ದವು. ಕಾಗೆಯಂತೂ ಕೊನೆಯವರೆಗೂ ಅವರ ಕೈ ಬಿಡಲಿಲ್ಲ. ಎಲ್ಲರೂ ಕಡೆಗಣಿಸುವ ಆ ಪಕ್ಷಿಯನ್ನು ಅವರು ಪ್ರಸಿದ್ಧರಾದ ಮೇಲೆಯೂ ನೂರಾರು ಬಗೆಗಳಲ್ಲಿ ಬರೆದರು.

ಬೇರೆಯವರ ಗೆರೆ ಕೈಗೆ ದಾರಿ ತೋರಿಸುತ್ತದೆ. ಆ ದಾರಿ ಸರಿಯೋ ತಪ್ಪೋ ಎಂಬುದನ್ನು ಹೇಳಬಲ್ಲದ್ದು ಎದುರಿಗಿರುವ ವಸ್ತು. ಮೊದಲನೆಯದನ್ನಷ್ಟೇ ನೆಚ್ಚಿದವನು ನಕಲುಗಾರನಾಗಿ ಉಳಿಯುತ್ತಾನೆ. ಎರಡನೆಯದನ್ನಷ್ಟೇ ನೆಚ್ಚಿದವನು ಹಿಂದಿನವರು ಬಿಡಿಸಿಟ್ಟ ಗಂಟುಗಳನ್ನು ತಾನೂ ಮೊದಲಿನಿಂದ ಬಿಡಿಸುತ್ತ ಕಾಲ ಕಳೆಯುತ್ತಾನೆ.

ಪ್ರೌಢಶಾಲೆ ಮುಗಿಸಿದ ಲಕ್ಷ್ಮಣರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಅಲ್ಲಿ ಕಲಿಯಲು ಬೇಕಾದಷ್ಟು ಪ್ರತಿಭೆ ಅವರ ಚಿತ್ರಗಳಲ್ಲಿ ಕಾಣುವುದಿಲ್ಲವೆಂಬ ಉತ್ತರ ಬಂದು ಪ್ರವೇಶ ದೊರೆಯಲಿಲ್ಲ. ಅವರು ಮೈಸೂರಿನಲ್ಲೇ ಬಿ.ಎ. ಓದುತ್ತ ಬರೆಯುವುದನ್ನು ಮುಂದುವರಿಸಿದರು. ಅಣ್ಣ ಆರ್. ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಮಾಸಪತ್ರಿಕೆಗೂ ಬರೆದರು. 1951ರಲ್ಲಿ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಅವರ ದಿನನಿತ್ಯದ ಕಿರುಚಿತ್ರ ಆರಂಭವಾಯಿತು. ಕಲಾಶಾಲೆಯ ಪ್ರವೇಶ ಸಿಗದ ಹಳ್ಳಿಯ ವಿದ್ಯಾರ್ಥಿಗಳು ಈ ಸಂಗತಿಯನ್ನು ಅವಶ್ಯವಾಗಿ ನೆನಪಿನಲ್ಲಿಡಬೇಕು. ಸಂಸ್ಥೆಯ ಬಾಗಿಲು ಮುಚ್ಚಿದಾಗಲೂ ಅರಳಿಮರ ಅಲ್ಲಿಯೇ ಇತ್ತು, ಕಾಗೆಗಳೂ ಇದ್ದವು.

ಬೀದರಿನ ಗೆರೆ

ಕಮಠಾಣದ ವಿದ್ಯಾರ್ಥಿಗೆ ಪಂಚ್ ಪತ್ರಿಕೆ ಬೇಕಾಗಿಲ್ಲ. ಹತ್ತಿರದ ಬೀದರ್ ನಗರವೇ ಗೆರೆಯ ದೊಡ್ಡ ಪಾಠಶಾಲೆ. 1472ರಲ್ಲಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸದ ಮುಂಭಾಗದಲ್ಲಿ ಬಣ್ಣದ ಹೆಂಚುಗಳ ಮೇಲೆ ಬರೆದ ಅಕ್ಷರಗಳು ಇಂದಿಗೂ ಭಾಗಶಃ ಉಳಿದಿವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿಗಳನ್ನು ಬಿಡಿಸಲಾಗಿದೆ. ಅಷ್ಟೂರಿನಲ್ಲಿ ಅಹಮದ್ ಷಾ ವಲಿಯ ಗೋರಿಯ ಒಳಮೈಯೆಲ್ಲ ಅಕ್ಷರ ಮತ್ತು ಬಳ್ಳಿಗಳ ಹೆಣಿಗೆಯಿಂದ ತುಂಬಿದೆ.

ಇವೆಲ್ಲಕ್ಕಿಂತ ಜೀವಂತವಾದ ಪಾಠ ಬಿದರಿ ಕಲೆಯದು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಮೊದಲು ಉಜ್ಜಿ ನಯಗೊಳಿಸುತ್ತಾರೆ. ಬಳಿಕ ಅದಕ್ಕೆ ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗದ ತಡೆಗೆ ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣ ಮಾಡುವುದು ಇದೇ ಮೈಲುತುತ್ತದಿಂದ. ಇಲ್ಲಿ ಅದು ಲೋಹದ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತದೆ. ಆ ಕಪ್ಪಿನ ಮೇಲೆ ಕುಶಲಕರ್ಮಿ ಚೂಪಾದ ಉಕ್ಕಿನ ಮೊನೆಯಿಂದ ಯಾವ ಅಚ್ಚಿನ ನೆರವೂ ಇಲ್ಲದೆ ಹೂಬಳ್ಳಿ ಬರೆಯುತ್ತಾನೆ. ಆಮೇಲೆ ಉಳಿಯಿಂದ ಗೆರೆಯನ್ನು ಕೊರೆದು, ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಕೋಟೆಯ ಮಣ್ಣು ಮತ್ತು ನವಸಾಗರದ ಉಪಚಾರದಿಂದ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೆ ಉಳಿಯುತ್ತದೆ.

ಉಳಿ ಬಿದ್ದ ಮೇಲೆ ಗೆರೆಯನ್ನು ಅಳಿಸುವಂತಿಲ್ಲ. ಶಾಯಿಯ ಗೆರೆಯ ಶಿಸ್ತೂ ಅದೇ. ಸೀಸದಕಡ್ಡಿ ತಪ್ಪನ್ನು ಕ್ಷಮಿಸುತ್ತದೆ, ಶಾಯಿ ಕ್ಷಮಿಸುವುದಿಲ್ಲ. ಆದ್ದರಿಂದ ಶಾಯಿಯಲ್ಲಿ ಬರೆಯುವವನು ಗೆರೆ ಎಳೆಯುವ ಮೊದಲೇ ಅದು ಎಲ್ಲಿ ಮುಗಿಯಬೇಕೆಂದು ನಿಶ್ಚಯಿಸಿರಬೇಕು. ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಗೌರವ ಸಂದಿತು. ಮಾನ್ಯತೆಯಿಂದ ಹೆಸರು ಉಳಿಯಬಹುದು. ಮೊನೆ ಹಿಡಿದು ಬರೆಯುವ ಕೈ ಉಳಿಯಬೇಕಾದರೆ ಹೊಸ ಕೈಗಳು ಆ ಕೆಲಸದ ಪಕ್ಕದಲ್ಲಿ ಕುಳಿತು ಕಲಿಯಬೇಕು.

ಏನನ್ನು ಬಿಡಬೇಕು?

ವಿವರವಾದ ಚಿತ್ರವೆಂದರೆ ಕಂಡದ್ದನ್ನೆಲ್ಲ ತುಂಬುವುದೆಂಬ ಭ್ರಮೆ ಆರಂಭದಲ್ಲಿ ಸಹಜ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳು ಈ ಭ್ರಮೆಗೆ ಮದ್ದು. ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಬೋಧಿಸಿದ ಹೆಬ್ಬಾರರು ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಅವರ ಕೆಲವೇ ಗೆರೆಗಳಲ್ಲಿ ನರ್ತಕಿಯ ದೇಹದ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ ಎಂಬುದು ಸ್ಪಷ್ಟವಾಗುತ್ತದೆ. ನೂರು ಗೆರೆಗಳ ಚಿತ್ರ ಬರೆಯುವವನೂ ಪ್ರತಿ ಗೆರೆಗೂ ಒಂದು ಕೆಲಸ ಕೊಡಬೇಕೆಂಬ ಪಾಠ ಇಲ್ಲಿ ಸಿಗುತ್ತದೆ.

ಹೊಲಕ್ಕೂ ಕಾಡಿಗೂ ಇದರಿಂದೇನು?

ಬೀದರ್ ಸೀಮೆಯ ತೊಗರಿ ಹೊಲದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ತೊಗರಿಗೆ ಗೊಡ್ಡುರೋಗ ತಗುಲಿದರೆ ಗಿಡ ಒಣಗುವುದಿಲ್ಲ. ಎಲೆಗಳು ಚಿಕ್ಕದಾಗಿ, ತಿಳಿಹಸಿರು ಮತ್ತು ಕಡುಹಸಿರಿನ ಮಚ್ಚೆಗಳಿಂದ ಕೂಡಿ, ಗಿಡ ಪೊದೆಯಂತೆ ಹಸಿರಾಗಿಯೇ ನಿಲ್ಲುತ್ತದೆ. ಎಳೆಯ ಹಂತದಲ್ಲೇ ಸೋಂಕು ತಗುಲಿದ ಗಿಡ ಹೂವನ್ನೇ ಬಿಡದು. ಹಸಿರನ್ನು ಕಂಡ ರೈತ ಇಂದು ಹೂ ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಾನೆ. ಅಷ್ಟರಲ್ಲಿ ಬರಿಗಣ್ಣಿಗೆ ಕಾಣದ ನುಸಿ ಆ ನಂಜನ್ನು ಪಕ್ಕದ ಸಾಲುಗಳಿಗೆ ಒಯ್ದಿರುತ್ತದೆ. ರೋಗದ ಗಿಡವನ್ನು ಆರಂಭದಲ್ಲೇ ಗುರುತಿಸಿ ಕಿತ್ತುಹಾಕಿದರೆ ಹರಡುವಿಕೆ ತಗ್ಗುತ್ತದೆ.

ಆರೋಗ್ಯವಂತ ಟೊಂಗೆಯನ್ನೂ ರೋಗದ ಟೊಂಗೆಯನ್ನೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಶಾಯಿಯಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಅಂತರ ಯಾರಿಗಾದರೂ ತಿಳಿಯುತ್ತದೆ. ಛಾಯಾಚಿತ್ರವನ್ನು ಜೆರಾಕ್ಸ್ ಮಾಡಿದರೆ ಎಲೆ, ನೆರಳು, ಮಣ್ಣು ಎಲ್ಲ ಒಂದೇ ಕಪ್ಪು ಮುದ್ದೆಯಾಗುತ್ತವೆ. ಶಾಯಿಯ ಗೆರೆಯಾದರೋ ನಕಲಿನ ನಕಲಿನಲ್ಲಿಯೂ ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ. ಬಣ್ಣವನ್ನು ಮಾತ್ರ ಕಪ್ಪು ಗೆರೆ ಹೇಳಲಾರದು. ಅದನ್ನು ಪಕ್ಕದಲ್ಲಿ ಅಕ್ಷರದಲ್ಲಿ ಬರೆಯಬೇಕು.

ಗೆರೆಯ ಆಯುಷ್ಯಕ್ಕೆ ದೊಡ್ಡ ಸಾಕ್ಷಿ 'ಹೋರ್ಟಸ್ ಮಲಬಾರಿಕಸ್'. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಈ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರೂ ಅದಕ್ಕೆ ಗಿಡಗಳ ತಿಳಿವಳಿಕೆ ನೀಡಿದರು. ಅದರ 700ಕ್ಕೂ ಹೆಚ್ಚು ಚಿತ್ರಗಳನ್ನು ಸಸ್ಯವಿಜ್ಞಾನಿಗಳು ಇಂದಿಗೂ ಗಿಡಗಳ ಹೆಸರು ನಿರ್ಧರಿಸಲು ತೆರೆದು ನೋಡುತ್ತಾರೆ.

ಘಟ್ಟದ ಕಾಡುಗಳಲ್ಲಿ ಇನ್ನೂ ಬರೆಯಬೇಕಾದದ್ದು ಬಹಳವಿದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿದ್ದ ಗೇರು ಕುಟುಂಬದ ದೊಡ್ಡ ಮರವೊಂದು ವಿಜ್ಞಾನದ ಲೆಕ್ಕಕ್ಕೆ ಸೇರಿದ್ದು 2000ದಲ್ಲಿ. 'ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಊರಿನ ಹೆಸರನ್ನೇ ಪಡೆದ ಆ ಮರ ಅಳಿವಿನ ಅಂಚಿನಲ್ಲಿದೆ. ಹೆಸರಿಡುವ ಮೊದಲೇ ಕಳೆದುಹೋದ ಮರಗಳ ಚಿತ್ರ ಬರೆಯಲು ಯಾರಿಗೂ ಸಾಧ್ಯವಿಲ್ಲ.

ಅಭ್ಯಾಸದ ಕ್ರಮ

ಆರಂಭಿಸುವವರಿಗೆ ದುಬಾರಿ ಸಾಮಗ್ರಿ ಬೇಡ. ದಪ್ಪ ಬಿಳಿ ಹಾಳೆ, ಸೀಸದಕಡ್ಡಿ, ಅಳತೆಪಟ್ಟಿ, ಸಣ್ಣ ಮೊನೆಯ ಕಪ್ಪು ಶಾಯಿಯ ಪೆನ್ನು ಇದ್ದರೆ ಸಾಕು. ಮೊದಲು ಎಲೆಯ ಉದ್ದ ಅಗಲ ಅಳೆದು, ಸೀಸದಕಡ್ಡಿಯಲ್ಲಿ ತೆಳುವಾಗಿ ಹೊರರೇಖೆ ಹಾಕಬೇಕು. ನಡುನರ, ಪಕ್ಕದ ನರಗಳ ಸಂಖ್ಯೆ, ಅವು ಎದುರುಬದುರಾಗಿವೆಯೋ ಒಂದು ಬಿಟ್ಟು ಒಂದಾಗಿವೆಯೋ ಎಂಬುದನ್ನು ಎಣಿಸಿ ಗುರುತಿಸಬೇಕು. ಅದಾದ ಮೇಲೆಯೇ ಶಾಯಿ.

ನೆರಳಿಗೆ ಮೂರು ವಿಧಾನಗಳಿವೆ: ಸಮಾಂತರ ಗೆರೆ, ಒಂದರ ಮೇಲೊಂದು ಹಾಯುವ ಅಡ್ಡಗೆರೆ, ಚುಕ್ಕಿ. ಸಸ್ಯಚಿತ್ರಗಳಲ್ಲಿ ಚುಕ್ಕಿಯ ಬಳಕೆ ಹೆಚ್ಚು. ಗೆರೆಯಿಂದ ನೆರಳು ತುಂಬಿದರೆ ನೋಡುಗರು ಅದನ್ನು ನರವೆಂದು ತಪ್ಪಾಗಿ ತಿಳಿಯಬಹುದು. ಚುಕ್ಕಿಯಲ್ಲಿ ಆ ಗೊಂದಲ ಕಡಿಮೆ. ಬೆಳಕು ಮೇಲಿನ ಎಡಬದಿಯಿಂದ ಬೀಳುತ್ತಿದೆಯೆಂದು ಭಾವಿಸಿ ಬರೆಯುವುದು ರೂಢಿ. ಹಾಳೆಯ ಕೆಳಗೆ ಅಳತೆಯ ಗೆರೆ, ದಿನಾಂಕ, ಸ್ಥಳ, ಊರಿನವರು ಕರೆಯುವ ಹೆಸರು ಇರಲೇಬೇಕು. ಇವಿಲ್ಲದ ಚಿತ್ರ ಅಂದವಾಗಿರಬಹುದು, ದಾಖಲೆಯಾಗಲಾರದು.

ಇಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಸಾವಿರ ಚಿತ್ರಗಳು ಕ್ಷಣದಲ್ಲಿ ದೊರೆಯುತ್ತವೆ. ಅವನ್ನು ನೋಡಿ ಕಲಿಯುವುದರಲ್ಲಿ ತಪ್ಪಿಲ್ಲ. ಲಕ್ಷ್ಮಣರೂ ಪತ್ರಿಕೆ ನೋಡಿಯೇ ಕಲಿತರು. ಆದರೆ ಪರದೆಯ ಮೇಲಿನ ತೊಗರಿ ಎಲೆಗೆ ಕಮಠಾಣದ ಹೊಲದಲ್ಲಿ ಏನಾಗಿದೆಯೆಂಬುದು ಗೊತ್ತಿಲ್ಲ. ಅದನ್ನು ಹೇಳಬಲ್ಲದ್ದು ಆ ಹೊಲದ ಎಲೆಯೊಂದೇ.

ಆದ್ದರಿಂದ ಈ ಸಭೆ ಮುಗಿದು ಮನೆಗೆ ಮರಳುವಾಗ ಪ್ರತಿಯೊಬ್ಬ ವಿದ್ಯಾರ್ಥಿಯೂ ದಾರಿಯ ಹೊಲದವರನ್ನು ಕೇಳಿ ತೊಗರಿಯ ಒಂದು ಟೊಂಗೆ ತರಲಿ. ಮೂರು ಕಿರುಎಲೆಗಳಲ್ಲಿ ನಡುವಿನದಕ್ಕೆ ಮಾತ್ರ ಏಕೆ ಉದ್ದ ತೊಟ್ಟಿದೆ ಎಂದು ಮನೆಯ ಹಿರಿಯರನ್ನು ವಿಚಾರಿಸಲಿ. ಉತ್ತರ ಸಿಗದಿದ್ದರೂ ಸರಿ, ಆ ತೊಟ್ಟನ್ನು ಅಳೆದು ಬರೆಯಲಿ. ರೋಗದ ಗುರುತು ಕಂಡರೆ ಚಿತ್ರವನ್ನು ಹಿಡಿದು ಆ ಹೊಲದ ರೈತರ ಬಳಿಗೆ ಹೋಗಲಿ. ಅವರೇ ಆ ಚಿತ್ರದ ಮೊದಲ ಪರೀಕ್ಷಕರು.