ಶರಾವತಿ ಸೇತುವೆ ಮೇಲೆ ಆರ್ದ್ರಾ ಮಳೆ: ಟ್ರೇನ್ ಸಿಮ್ಯುಲೇಟರ್‌ಗೆ ನಮ್ಮ ಆಕಾಶ ಹಾಕೋದು ಹೇಗೆ?

ಇವತ್ತಿನ ವಿಷಯ ನೀವೇ ಕೇಳಿದ್ದು. ಟ್ರೇನ್ ಸಿಮ್ಯುಲೇಟರ್‌ನಲ್ಲಿ ಮೋಡ, ಮಳೆ ಎಲ್ಲ ನಿಜವಾದ ಹಾಗೆ ಕಾಣಬೇಕು ಅಂದ್ರೆ ಯಾವ ಮಾಡ್ ಹಾಕಬೇಕು, ಹೇಗೆ ಹಾಕಬೇಕು ಅನ್ನೋದು. ಒಬ್ಬರು ಜೊತೆಗೆ ಕಾಲೂ ಎಳೆದಿದ್ದಾರೆ: "ಗೇರುಸೊಪ್ಪದಲ್ಲಿ ಕೂತು ರೈಲಿನ ಬಗ್ಗೆ ಮಾತಾಡ್ತೀರಲ್ಲ, ನಿಮ್ಮೂರಿಗೆ ರೈಲೇ ಇಲ್ಲವಲ್ಲ ಮಾರಾಯ್ರೆ!" ಹೌದು, ಇಲ್ಲ. ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಬೇಕು ಅನ್ನೋ ಬೇಡಿಕೆಗೆ ನನಗಿಂತ ಜಾಸ್ತಿ ವಯಸ್ಸಾಗಿದೆ. ಆದರೆ ನಮ್ಮೂರಿನ ಅಣೆಕಟ್ಟಿನಿಂದ ಇಳಿದ ಶರಾವತಿ ಸುಮಾರು 30 ಕಿಲೋಮೀಟರ್ ಹರಿದು, ಹೊನ್ನಾವರದಲ್ಲಿ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಕೆಳಗೆ ಹಾದು ಸಮುದ್ರ ಸೇರ್ತಾಳೆ. ಸೇತುವೆಯ ಉದ್ದ 2065 ಮೀಟರ್. ಅಷ್ಟು ಸಂಬಂಧ ಸಾಕು ಅಂದ್ಕೋತೀನಿ.

ಮೊದಲು ಫೋನಿನವರಿಗೆ ಒಂದು ಮಾತು. ಮೊಬೈಲ್ ರೈಲು ಗೇಮ್‌ಗಳಲ್ಲಿ ಕಂಪನಿ ಕೊಟ್ಟ ಮಳೆಯೇ ಮಳೆ. ಬೇಕಾದ ಹಾಗೆ ಬದಲಿಸೋಕೆ ಕಂಪ್ಯೂಟರ್ ಬೇಕು. ಹಳೇ ಲ್ಯಾಪ್‌ಟಾಪ್ ಇದ್ದರೆ ನಡೆಯುತ್ತೆ, ಕಾಲೇಜಿಗೆ ಕೊಡಿಸಿದ್ದು ಮೂಲೆಯಲ್ಲಿ ಬಿದ್ದಿರತ್ತಲ್ಲ, ಅದು. ಬಿ.ಕಾಂ. ಓದಿದ ಬುದ್ಧಿ, ಖರ್ಚಿನ ಲೆಕ್ಕ ಮೊದಲು: ಓಪನ್ ರೈಲ್ಸ್ ಅನ್ನೋ ಸಿಮ್ಯುಲೇಟರ್ ಪೂರ್ತಿ ಉಚಿತ, ಹವ್ಯಾಸಿಗಳು ಸೇರಿ ಕಟ್ಟಿದ್ದು. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆ ಮಾಡಿದ ರೂಟ್, ಇಂಜಿನ್, ಬೋಗಿ ಎಲ್ಲ ಇದರಲ್ಲಿ ಓಡುತ್ತವೆ. ನಮ್ಮ ದೇಶದ ಹವ್ಯಾಸಿಗಳು ಮಾಡಿದ ಭಾರತೀಯ ರೂಟ್‌ಗಳೂ ಇವೆ. ದುಡ್ಡು ಕೊಟ್ಟು ಕೊಳ್ಳೋ ಬೇರೆ ಸಿಮ್ಯುಲೇಟರ್‌ಗಳಿಗೆ ದುಡ್ಡು ಕೊಟ್ಟು ಕೊಳ್ಳೋ ಆಕಾಶದ ಪ್ಯಾಕ್‌ಗಳೂ ಸಿಗುತ್ತವೆ. ಕೆಲವು ತುಂಬಾ ಚೆನ್ನಾಗಿವೆ, ಆದರೆ ಅದರಲ್ಲಿರೋದು ಇಂಗ್ಲೆಂಡಿನ ಜಿನುಗು ಮಳೆ.

ತಮಾಷೆ ಶುರುವಾಗೋದೇ ಇಲ್ಲಿ. ಆ ಹಳೇ ಮೈಕ್ರೋಸಾಫ್ಟ್ ಗೇಮ್‌ನ ಯಾವುದೇ ರೂಟ್ ಫೋಲ್ಡರ್ ತೆಗೆದು ನೋಡಿ, ಒಳಗೆ ಎನ್ವ್‌ಫೈಲ್ಸ್ ಅಂತ ಇನ್ನೊಂದು ಫೋಲ್ಡರ್ ಇರುತ್ತೆ. ಹವಾಮಾನ ಇರೋದು ಅಲ್ಲೇ. ಲೆಕ್ಕ ಹೀಗಿದೆ: ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಅಂತ ನಾಲ್ಕು ಋತು. ಒಂದೊಂದಕ್ಕೂ ಮೂರು ಸ್ಥಿತಿ, ಅಂದ್ರೆ ಬಿಸಿಲು, ಮಳೆ, ಹಿಮ. ಒಟ್ಟು ಹನ್ನೆರಡು. ಅದರಲ್ಲಿ ನಾಲ್ಕು ಹಿಮದ್ದು! ಮಳೆಗಾಲ ಅನ್ನೋ ಋತುವೇ ಇಲ್ಲ. ಅವರ ತಪ್ಪೇನಲ್ಲ, ಆ ಗೇಮ್ ಜೊತೆ ಬಂದ ರೂಟ್‌ಗಳು ಇಂಗ್ಲೆಂಡ್, ಆಸ್ಟ್ರಿಯಾ, ಅಮೆರಿಕ, ಜಪಾನಿನವು. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಯ್ಯೋ ಊರಿನವರು ನಾವು. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆಗೆ ನಮ್ಮ ಅಜ್ಜಿಯಂದಿರ ಹತ್ರ ಬೇರೆ ಬೇರೆ ಹೆಸರಿದೆ: ಮೃಗಶಿರ, ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಗೇಮ್‌ಗೆ ಗೊತ್ತಿರೋದು 'ರೇನ್' ಒಂದೇ.

ಈಗ ಕೆಲಸಕ್ಕೆ ಬರೋಣ. ಮಾಡ್ ಅಂದ್ರೆ ದೊಡ್ಡ ಮಾಯಾಜಾಲ ಏನಲ್ಲ, ಹೆಚ್ಚಿನ ಕೆಲಸ ಫೈಲ್ ಬದಲಿಸೋದು. ಆಕಾಶ ಅಂದ್ರೆ ಒಂದು ಚಿತ್ರ. ಮೋಡ ಇನ್ನೊಂದು ಚಿತ್ರ. ಅದೇ ಹೆಸರಲ್ಲಿ ನಿಮ್ಮ ಚಿತ್ರ ಇಟ್ಟರೆ ಗೇಮ್ ಅದನ್ನೇ ತೋರಿಸುತ್ತೆ. ಮುಟ್ಟೋಕೆ ಮುಂಚೆ ಪೂರ್ತಿ ಫೋಲ್ಡರನ್ನ ಬೇರೆ ಕಡೆ ಕಾಪಿ ಮಾಡಿ ಇಡಿ. ಇದನ್ನ ಎರಡು ಸಲ ಹೇಳಲ್ಲ. ಡೌನ್‌ಲೋಡ್ ಮಾಡಿದ ಪ್ಯಾಕ್ ಜೊತೆ ರೀಡ್‌ಮಿ ಫೈಲ್ ಬರುತ್ತೆ, ಓದಿ. ಯಾವ ಫೈಲ್ ಎಲ್ಲಿಗೆ ಹೋಗಬೇಕು ಅಂತ ಅದರಲ್ಲೇ ಇರುತ್ತೆ. ಮೋಡದ ಚಿತ್ರ ಬದಲಿಸೋಕೆ ಪಾಸ್‌ವರ್ಡ್ ಕೇಳೋ, ಆ್ಯಂಟಿವೈರಸ್ ಆಫ್ ಮಾಡಿ ಅನ್ನೋ ಪ್ಯಾಕ್ ಸಿಕ್ಕರೆ ಅಲ್ಲಿಗೇ ಡಿಲೀಟ್.

ಎರಡು ಕಡೆ ಜನ ಸಿಕ್ಕಿ ಬೀಳ್ತಾರೆ. ಒಂದು, ಓಪನ್ ರೈಲ್ಸ್ ತನ್ನದೇ ಆಕಾಶವನ್ನ ತಾನೇ ತಯಾರಿಸಿಕೊಳ್ಳುತ್ತೆ. ರೂಟ್ ಫೋಲ್ಡರ್‌ನಲ್ಲಿ ನೀವು ಎಷ್ಟು ಚೆಂದದ ಮೋಡ ಇಟ್ಟರೂ ಕಾಣದೇ ಹೋಗಬಹುದು. ಆಯ್ಕೆಗಳಲ್ಲಿ ಎಂಎಸ್‌ಟಿಎಸ್ ಎನ್ವಿರಾನ್‌ಮೆಂಟ್ಸ್ ಅನ್ನೋದನ್ನ ಟಿಕ್ ಮಾಡಿ ನೋಡಿ. ಬೇಡ ಅಂದ್ರೆ ಓಪನ್ ರೈಲ್ಸಿನ ಕಂಟೆಂಟ್ ಫೋಲ್ಡರ್‌ನಲ್ಲಿರೋ ಅದರದೇ ಮೋಡ, ಚಂದ್ರನ ಚಿತ್ರಗಳನ್ನ ಬದಲಿಸಿ. ಎರಡನೇದು, ಎನ್ವ್ ಫೈಲ್‌ಗಳು ಬರೀ ಅಕ್ಷರದ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತವೆ. ಆದರೆ ಸೇವ್ ಮಾಡುವಾಗ ಯುನಿಕೋಡ್ ಆಗಿಯೇ, ಅಂದ್ರೆ ಯುಟಿಎಫ್-16 ಅಂತಲೇ ಸೇವ್ ಆಗಬೇಕು. ಬೇರೆ ರೀತಿ ಸೇವ್ ಆದರೆ ಹಳೇ ಗೇಮ್‌ಗೆ ಅದು ಅರ್ಥವಾಗಲ್ಲ.

ಆ ಫೈಲ್ ಒಳಗೆ ನನಗೆ ತುಂಬಾ ಮುಖ್ಯ ಅನ್ನಿಸೋದು ಮೋಡದ ಸಾಲಲ್ಲ, ಮಂಜಿನ ಸಾಲು. ಎಷ್ಟು ಮೀಟರ್ ಆಚೆಗೆ ಕಣ್ಣು ಕಾಣಬಾರದು ಅನ್ನೋ ಒಂದು ಅಂಕಿ. ಗೇಮ್‌ನ ಮಳೆಯಲ್ಲಿ ಹನಿ ಬೀಳುತ್ತೆ, ಆದರೆ ದೂರದ ಗುಡ್ಡ ಫಳಫಳ ಕಾಣುತ್ತೆ. ನಮ್ಮಲ್ಲಿ ಜುಲೈ ತಿಂಗಳ ಮಳೆ ಹಿಡಿದಾಗ ಗುಡ್ಡ ಎಲ್ಲಿ, ಎದುರಿನ ಮನೆಯೇ ಮಾಯ. ಆ ಅಂಕಿ ಇಳಿಸಿ, ಮಂಜಿನ ಬಣ್ಣವನ್ನ ಸ್ವಲ್ಪ ಬೂದಿ ಬಣ್ಣಕ್ಕೆ ತನ್ನಿ. ಒಂದೂ ಹೊಸ ಚಿತ್ರ ಹಾಕದೆ ಕರಾವಳಿಯ ಮಳೆಗಾಲ ಅರ್ಧ ಬಂದು ಕೂರುತ್ತೆ. ಓಪನ್ ರೈಲ್ಸ್‌ನಲ್ಲಾದರೆ ಇನ್ನೂ ಸುಲಭ, ರೈಲು ಓಡ್ತಾ ಇರುವಾಗಲೇ ಕೀಬೋರ್ಡ್‌ನಿಂದ ಮೋಡ, ಮಂಜು, ಮಳೆ ಮೂರನ್ನೂ ಏರಿಸಬಹುದು, ಇಳಿಸಬಹುದು. ಕುಮಟಾದಲ್ಲಿ ಬಿಸಿಲು, ಹೊನ್ನಾವರದಲ್ಲಿ ಜಡಿಮಳೆ. ಇದು ಇಲ್ಲಿ ದಿನಾ ನಡೆಯೋದೇ ತಾನೆ?

ಮತ್ತೆ ಒಂದು ಸೆಟ್ಟಿಂಗ್ ಬಿಡಬೇಡಿ. ಅಡ್ಹೀಶನ್, ಅಂದ್ರೆ ಹಳಿಗೂ ಚಕ್ರಕ್ಕೂ ಇರೋ ಹಿಡಿತ, ಹವಾಮಾನದ ಮೇಲೆ ನಿಲ್ಲಬೇಕು ಅನ್ನೋ ಆಯ್ಕೆ ಓಪನ್ ರೈಲ್ಸ್‌ನಲ್ಲಿದೆ. ಅದನ್ನ ಆನ್ ಮಾಡಿದರೆ ಮಳೆ ಬರೀ ವಾಲ್‌ಪೇಪರ್ ಆಗಿ ಉಳಿಯಲ್ಲ. ಏರಿನಲ್ಲಿ ಒಮ್ಮೆಗೇ ಪವರ್ ಕೊಟ್ಟರೆ ಚಕ್ರ ನಿಂತಲ್ಲೇ ತಿರುಗುತ್ತೆ. ಬ್ರೇಕನ್ನೂ ಮುಂಚೆಯೇ ಯೋಚಿಸಿ ಹಿಡಿಯಬೇಕು.

ಇಷ್ಟೆಲ್ಲ ಯಾಕೆ ಅಂದ್ರೆ, ನಮ್ಮ ಈ ಮಾರ್ಗದಲ್ಲಿ ಮಳೆಗೆ ಬೇರೆಯದೇ ವೇಳಾಪಟ್ಟಿ ಇದೆ. ಬಹಳ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಮಳೆ ಜೋರಾಗಿ ಮುಂದಿನ ದಾರಿ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್‌ನಲ್ಲಿ ಓಡಿಸಿ ಅಂತ ಲೋಕೋ ಪೈಲಟ್‌ಗಳಿಗೆ ಸೂಚನೆ. ಮಳೆ ಅಳೆಯೋ ಯಂತ್ರ ಇರೋ ನಿಲ್ದಾಣಗಳಲ್ಲಿ ನಮ್ಮ ಭಟ್ಕಳವೂ ಒಂದು. ಗಾಳಿಯ ವೇಗ ಅಳೆಯೋ ಯಂತ್ರವನ್ನ ಇಡೀ ಮಾರ್ಗದಲ್ಲಿ ನಾಲ್ಕೇ ಕಡೆ ಇಟ್ಟಿದ್ದಾರೆ: ರತ್ನಾಗಿರಿ ಹತ್ತಿರದ ಪಾನ್ವಲ್ ಸೇತುವೆ, ಗೋವಾದ ಮಾಂಡೋವಿ, ಜುವಾರಿ, ಮತ್ತೆ ಹೊನ್ನಾವರ ಮಂಕಿ ನಡುವಿನ ಶರಾವತಿ. ನಿಮ್ಮ ಗೇಮ್‌ನಲ್ಲಿ ಗಾಳಿ ಬರೀ ಸೌಂಡ್ ಇರಬಹುದು. ಇಲ್ಲಿ ಗಾಳಿ ಜಾಸ್ತಿಯಾದರೆ ರೈಲು ನಿಲ್ಲುತ್ತೆ.

2003ರ ಜೂನ್ 22ರ ರಾತ್ರಿ, ಆರ್ದ್ರಾ ಮಳೆ ಹಿಡಿಯೋ ಹೊತ್ತು. ಕಾರವಾರದಿಂದ ಮುಂಬೈಗೆ ಹೊರಟ ರಜೆಯ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಹಳಿ ತಪ್ಪಿತು. ಗುಡ್ಡದಿಂದ ಜಾರಿದ ಬಂಡೆಗಳು ಹಳಿ ಮೇಲಿದ್ದವು. 50ಕ್ಕೂ ಹೆಚ್ಚು ಜನ ಹೋದರು. ರೈಲು ಹೊರಟಿದ್ದೇ ನಮ್ಮ ಜಿಲ್ಲೆಯಿಂದ, ನೆನಪಿರಲಿ. ಮರುವರ್ಷ ಜೂನ್ 16ಕ್ಕೆ ರಾಯಗಡ ಜಿಲ್ಲೆಯ ಕರಂಜಾಡಿ ಹತ್ತಿರ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ಗೂ ಅದೇ ಗತಿ, ಅಲ್ಲೂ ಬಂಡೆ. ಈಗಲೂ ಮಳೆಗಾಲದಲ್ಲಿ ರಾತ್ರಿ ಹೊತ್ತು ಟಾರ್ಚ್ ಹಿಡಿದು ಹಳಿ ಉದ್ದಕ್ಕೂ ನಡೆಯೋರು ಇದ್ದಾರೆ. ಅಪಾಯದ ಕಟಿಂಗ್‌ಗಳಲ್ಲಿ ಕಾವಲು ಕೂರೋರೂ ಇದ್ದಾರೆ. ಯಾವ ಸಿಮ್ಯುಲೇಟರ್‌ನಲ್ಲೂ ನಾನು ಅವರನ್ನ ನೋಡಿಲ್ಲ. ಯಾರಾದರೂ ಮಾಡಿದರೆ ನಾನೇ ಮೊದಲು ಡೌನ್‌ಲೋಡ್ ಮಾಡ್ತೀನಿ.

ಹಾಗಾಗಿ ಮಾಡ್ ಹಾಕಿದ ಮೇಲೆ ಒಂದು ಸಲ ನಿಯಮದ ಪ್ರಕಾರ ಓಡಿಸಿ. ಲೆಕ್ಕ ನಾನು ಹಾಕಿಟ್ಟಿದ್ದೀನಿ: 100ರ ವೇಗದಲ್ಲಿ 2065 ಮೀಟರ್ ದಾಟೋಕೆ 75 ಸೆಕೆಂಡೂ ಬೇಡ. 40ರಲ್ಲಿ ಮೂರು ನಿಮಿಷ ದಾಟುತ್ತೆ. ಆ ಮೂರು ನಿಮಿಷ ಎದುರಿಗೆ ಬೂದಿ ಬಣ್ಣ, ಕೆಳಗೆ ಕೆಂಪು ನೀರು. ಲಿಂಗನಮಕ್ಕಿ ತುಂಬಿ ಇಲ್ಲಿ ಗೇರುಸೊಪ್ಪದ ಗೇಟ್ ತೆಗೆದ ವರ್ಷವಾದರೆ ಆ ನೀರಿಗೆ ಇನ್ನೂ ಸೊಕ್ಕು. ನಿಜವಾದ ಪೈಲಟ್ ಹಿಂದೆ ಎಷ್ಟು ಬೋಗಿ ಜನ ಮಲಗಿರ್ತಾರೆ ಅಂತ ಆಗ ಸ್ವಲ್ಪ ಲೆಕ್ಕ ಸಿಗುತ್ತೆ.

ಕೊನೆಗೆ ಫೋನಿನವರಿಗೆ ಕೆಲಸ ಇದೆ. ಆಕಾಶದ ಚಿತ್ರಕ್ಕೆ ಬೇಕಿರೋದು ಫೋಟೋ, ಅದಕ್ಕೆ ನಿಮ್ಮ ಕ್ಯಾಮೆರಾ ಸಾಕು. ಅಡ್ಡ ಹಿಡಿದು, ಕರೆಂಟ್ ತಂತಿ, ತೆಂಗಿನಮರ ಬಾರದ ಹಾಗೆ ಬರೀ ಮೋಡ ತೆಗೀರಿ. ಬೇರೆಯವರ ಮಾಡ್‌ನಿಂದ ಎತ್ತಿದ್ದು ಬೇಡ. ಕಂಪ್ಯೂಟರ್ ಇದ್ದವರು ಅದನ್ನ 1024ಕ್ಕೆ 1024 ಪಿಕ್ಸೆಲ್‌ಗೆ ಕತ್ತರಿಸಿ, ಎಡ ಬಲ ಅಂಚು ಕೂಡೋ ಹಾಗೆ ಮಾಡಿ, ಗೇಮ್‌ನ ಏಸ್ ಫೈಲ್‌ಗೆ ಬದಲಿಸಬೇಕು. ಅದಕ್ಕೆ ಉಚಿತ ಟೂಲ್‌ಗಳಿವೆ. ಭಟ್ಕಳದ ಬಂದರು, ಕುಮಟಾದ ಕಡಲತೀರ, ಇಲ್ಲಿ ನಮ್ಮ ಘಟ್ಟದ ಬುಡ, ಎಲ್ಲಿಂದಾದರೂ ತೆಗೀರಿ, ರೈಲ್ವೆ ಸೇತುವೆ ಮೇಲೆ ಹತ್ತಿ ಮಾತ್ರ ಬೇಡ. ಕಳಿಸುವಾಗ ಫೈಲ್ ಹೆಸರಲ್ಲಿ ಊರು, ಗಂಟೆ, ಮಳೆ ನಕ್ಷತ್ರ ಮೂರೂ ಇರಲಿ. ಸ್ವಾತಿ ಮಳೆ ತನಕ ಟೈಮ್ ಇದೆ.