ಹಕ್ಕಿಯ ಹಿಕ್ಕೆ, ಮೋಡದ ಬೀಜ



ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ನೀವು ನೋಡಿರಬಹುದಾದ ಒಂದು ಸರಳ ಪ್ರಯೋಗವಿದೆ. ಅಮೋನಿಯಾ ದ್ರಾವಣದ ಸೀಸೆಯ ಬಾಯಿಗೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಹಿಡಿದರೆ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಕಣ್ಣಿಗೆ ಕಾಣದ ಎರಡು ಅನಿಲಗಳು ಸೇರಿ ಘನರೂಪದ ಕಣಗಳಾದವು. ಇದನ್ನು ಹೋಲುವ ಕ್ರಿಯೆಯೊಂದು ಅಂಟಾರ್ಕ್ಟಿಕಾದ ಗಾಳಿಯಲ್ಲೂ ನಡೆಯುತ್ತದೆ. ಅಲ್ಲಿ ಅಮೋನಿಯಾ ಒದಗಿಸುವವು ಪೆಂಗ್ವಿನ್ ಹಕ್ಕಿಗಳು!

ಮೋಡ ಕಟ್ಟಲು ನೀರಾವಿ ಇದ್ದರಷ್ಟೇ ಸಾಲದು. ಆವಿಯು ಹನಿಯಾಗಿ ಕೂಡಲು ಒಂದು ಸೂಕ್ಷ್ಮ ಕಣದ ಆಸರೆ ಬೇಕು. ನಮ್ಮಲ್ಲಿ ಧೂಳು, ಹೊಗೆ ಧಾರಾಳವಾಗಿರುವುದರಿಂದ ಇಂಥ ಕಣಗಳಿಗೆ ಬರವಿಲ್ಲ. ಹಿಮ ಮುಚ್ಚಿದ ಅಂಟಾರ್ಕ್ಟಿಕಾದಲ್ಲಿ ಕಾರ್ಖಾನೆಗಳಿಲ್ಲ, ಹೊಲಗದ್ದೆಗಳಿಲ್ಲ. ಹಾಗಾದರೆ ಕಣಗಳು ಎಲ್ಲಿಂದ ಬರುತ್ತವೆ?

ಒಂದು ಪಾಲು ಸಮುದ್ರದ್ದು. ಅಲ್ಲಿನ ಸೂಕ್ಷ್ಮ ಸಸ್ಯಗಳಿಂದ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ ಹೊರಬಂದು, ಗಾಳಿಯಲ್ಲಿ ಉತ್ಕರ್ಷಣೆ ಹೊಂದಿ ಸಲ್ಫ್ಯೂರಿಕ್ ಆಮ್ಲದ ಆವಿಯಾಗುತ್ತದೆ. ಇನ್ನೊಂದು ಪಾಲು ಹಕ್ಕಿಗಳದ್ದು. ಪೆಂಗ್ವಿನ್‌ಗಳು ತಿನ್ನುವ ಮೀನು ಮತ್ತು ಸೀಗಡಿಯಂಥ ಕ್ರಿಲ್‌ಗಳಲ್ಲಿ ಪ್ರೋಟೀನು, ಅಂದರೆ ಸಾರಜನಕ, ಹೇರಳ. ಅದು ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಒಡೆದಾಗ ಅಮೋನಿಯಾ ಹೊಮ್ಮುತ್ತದೆ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟೂ ಇದರದ್ದೇ.

ಸಲ್ಫ್ಯೂರಿಕ್ ಆಮ್ಲದ ಅಣುಗಳು ತಾವಾಗಿಯೇ ಒಂದಕ್ಕೊಂದು ಅಂಟಿ ನಿಲ್ಲುವುದು ಕಷ್ಟ. ಕೂಡಿದವು ಬೇಗ ಚದುರುತ್ತವೆ. ಪ್ರತ್ಯಾಮ್ಲವಾದ ಅಮೋನಿಯಾ ನಡುವೆ ಸೇರಿದರೆ ಗುಂಪು ಗಟ್ಟಿಯಾಗುತ್ತದೆ. ಹೀಗೆ ಹುಟ್ಟಿದ ಕಣದ ಗಾತ್ರ ಮೊದಲಿಗೆ ಒಂದೆರಡು ನ್ಯಾನೊಮೀಟರ್ ಮಾತ್ರ. ಮತ್ತಷ್ಟು ಆವಿ ಕೂಡಿ ಹತ್ತಾರು ಪಟ್ಟು ಬೆಳೆದ ಮೇಲೆ ಅದು ಮೋಡದ ಬೀಜವಾಗಬಲ್ಲದು.

ಇದು ಬರಿಯ ಊಹೆಯಲ್ಲ. 2023ರ ಜನವರಿಯಿಂದ ಮಾರ್ಚ್‌ವರೆಗೆ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅರ್ಜೆಂಟೀನಾದ ಮರಂಬಿಯೊ ನೆಲೆಯ ಬಳಿ ಗಾಳಿಯನ್ನು ಅಳೆದರು. ಎಂಟು ಕಿಲೋಮೀಟರ್ ದೂರದಲ್ಲಿ ಸುಮಾರು 60,000 ಅಡೇಲಿ ಪೆಂಗ್ವಿನ್‌ಗಳ ವಸಾಹತು. ಆ ಕಡೆಯಿಂದ ಗಾಳಿ ಬೀಸಿದಾಗ ಅಮೋನಿಯಾ ಪ್ರಮಾಣ ನೂರು ಕೋಟಿಗೆ 13.5 ಭಾಗದವರೆಗೆ ಏರಿತು. ಇದು ಸಾಮಾನ್ಯ ಮಟ್ಟದ ಸಾವಿರ ಪಟ್ಟಿಗೂ ಹೆಚ್ಚು! ಫೆಬ್ರವರಿ ಕೊನೆಗೆ ಹಕ್ಕಿಗಳು ವಲಸೆ ಹೋದವು. ಆದರೂ ನೆಲದಲ್ಲಿ ಉಳಿದ ಹಿಕ್ಕೆಯಿಂದಾಗಿ ಪ್ರಮಾಣ ನೂರು ಪಟ್ಟಿಗಿಂತ ಹೆಚ್ಚಾಗಿಯೇ ಇತ್ತು. ಹೊಸ ಕಣಗಳು ಹುಟ್ಟುವ ವೇಗ 10,000 ಪಟ್ಟಿನವರೆಗೂ ಹೆಚ್ಚಬಲ್ಲದೆಂದು 2025ರಲ್ಲಿ ಪ್ರಕಟವಾದ ವರದಿ ತಿಳಿಸಿತು.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಕಪ್ಪು ಕಡಲಿನ ಮೇಲಿನ ಮೋಡ ಬಿಸಿಲನ್ನು ಹಿಂದಿರುಗಿಸಿ ನೀರನ್ನು ತಂಪಾಗಿಡುತ್ತದೆ. ಬಿಳಿಯ ಹಿಮದ ಮೇಲಾದರೋ ಅದೇ ಮೋಡ ಶಾಖವನ್ನು ತಡೆದು ಕಂಬಳಿಯಂತೆ ಬೆಚ್ಚಗಾಗಿಸಬಹುದು. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಶ್ಚಿಮ ಭಾಗದಲ್ಲಿ ಕಡಲ ಹಿಮ ಕುಗ್ಗಿದಂತೆ ಅಡೇಲಿ ಪೆಂಗ್ವಿನ್‌ಗಳ ಸಂಖ್ಯೆಯೂ ಇಳಿದಿದೆ. ಹಕ್ಕಿ ಮಾಯವಾದರೆ ಅದರ ಅಮೋನಿಯಾ ಇಲ್ಲ, ಅಮೋನಿಯಾ ತಗ್ಗಿದರೆ ಮೋಡದ ಬೀಜವೂ ಕಡಿಮೆ.

ಹವಾಮಾನ ಜೀವಿಗಳನ್ನು ಬದಲಿಸುತ್ತದೆಂದು ನೀವು ಓದಿದ್ದೀರಿ. ಜೀವಿಗಳೂ ಹವಾಮಾನವನ್ನು ರೂಪಿಸುತ್ತವೆ ಎಂಬ ಮಾತನ್ನು ಅದರ ಪಕ್ಕದಲ್ಲೇ ಬರೆದುಕೊಳ್ಳಿ.